ಎರಡು ಸಲ ಬಂದ ನವಿಲು

ದೆವ್ವ, ಭೂತಗಳ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿಬಿಡುವವಳು ನಾನು. ಹೆದರಿಕೆಯಿಂದಲ್ಲ, ಬೇಸರದಿಂದ. ತುಮಕೂರಿನಲ್ಲಿ ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೆಯ ಹುಣಸೆಮರದಲ್ಲಿ ಏನೋ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ವಿಜ್ಞಾನದ ಮೇಷ್ಟರಾಗಿದ್ದ ನಮ್ಮ ತಂದೆ ಒಂದು ಸಂಜೆ ನನ್ನನ್ನು ಆ ಮರದ ಕೆಳಗೆ ಕೂರಿಸಿ, ಕಡಲೆಕಾಯಿ ತಿನ್ನಿಸಿ, ಮನೆಗೆ ಕರೆತಂದರು. ಅಲ್ಲಿಗೆ ಆ ವಿಷಯ ಮುಗಿದಿತ್ತು. ಮುಂದೆ ಓದಿದ್ದು ಸಂಖ್ಯಾಶಾಸ್ತ್ರ. ನ್ಯೂಜೆರ್ಸಿಯ ಒಂದು ಔಷಧ ಕಂಪನಿಯಲ್ಲಿ, ಮಾತ್ರೆಯಿಂದ ರೋಗಿಗೆ ನಿಜಕ್ಕೂ ಗುಣವಾಯಿತೇ ಅಥವಾ ಸುಮ್ಮನೆ ಹಾಗೆ ಅನ್ನಿಸಿತೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಜನರಿಗೆ ಅನ್ನಿಸುವುದಕ್ಕೂ ಆದದ್ದಕ್ಕೂ ಎಷ್ಟು ದೂರವಿರುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ.

ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಏಕೆಂದರೆ, ಮುಂದೆ ಬರೆಯುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂದು ನನ್ನ ಒತ್ತಾಯವೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಹ್ಯಾಲೋವೀನ್ ಸಂಜೆ; ಅಕ್ಟೋಬರ್ ಕೊನೆಗೆ ಇಲ್ಲಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ. ಆಗ ನಮ್ಮ ಮಗಳು ಚಿನ್ಮಯಿಗೆ, ಅಂದರೆ ನಮ್ಮ ಚಿನ್ನುವಿಗೆ, ಏಳು ವರ್ಷ, ಮಗ ಋತ್ವಿಕನಿಗೆ ಮೂರು. ಬ್ರಿಡ್ಜ್‌ವಾಟರ್‌ನ ಒಂದು ಟೌನ್‌ಹೌಸ್ ಸಾಲಿನಲ್ಲಿ ನಮ್ಮ ಮನೆ. ನನ್ನ ಗಂಡ ಪ್ರಸಾದನ ತಾಯಿ ಆ ಆಗಸ್ಟ್‌ನಲ್ಲಿ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮೈಸೂರಿನಲ್ಲಿ ಅವರು ಮಗಳ ಮನೆಯಲ್ಲಿರುತ್ತಾರೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಒಮ್ಮೆ ನೋಡಿದ ಮುಖ ಮರೆಯದವರು. ಅತ್ತೆಯ ನೆನಪಿನ ಶಕ್ತಿಯ ಎದುರು ನಾನೂ ಪ್ರಸಾದನೂ ಎಷ್ಟೋ ಸಲ ಸೋತಿದ್ದೇವೆ.

ಬಂದ ದಿನದಿಂದ ಅವರಿಗಿದ್ದ ಒಂದೇ ಕೊರಗು ಚಿನ್ನು ಕನ್ನಡ ಮಾತಾಡುವುದಿಲ್ಲ ಎಂಬುದು. ಇವರು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅನ್ನ ಕಲಸಿ ಬಾಯಿಗಿಡಲು ಹೋದರೆ, "ಐ ಕ್ಯಾನ್ ಈಟ್ ಬೈ ಮೈಸೆಲ್ಫ್, ಅಜ್ಜಿ" ಎಂದು ತಟ್ಟೆಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಅದರಲ್ಲಿ ಒರಟುತನವಿರಲಿಲ್ಲ. ಆದರೂ ಕಲಸಿದ ಕೈ ಹಾಗೇ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗಾಗಿ ಹ್ಯಾಲೋವೀನ್ ವೇಷವನ್ನು ತಾವೇ ಹೊಲಿಯುತ್ತೇನೆ ಎಂದು ಅತ್ತೆ ಹೊರಟಾಗ ನಾನು ತಡೆಯಲಿಲ್ಲ. ತಮ್ಮ ಹಳೆಯ ನೀಲಿ ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ನವಿಲಿನ ವೇಷ ಹೊಲಿದರು. ಜರಿಯಂಚನ್ನು ಬಿಡಿಸಿ ಗರಿಗಳ ಕಣ್ಣು ಮಾಡಿದರು. ಪ್ರಸಾದ್ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಕೊಕ್ಕು ಮತ್ತು ತುರಾಯಿ ಇರುವ ಮುಖವಾಡ ಮಾಡಿಕೊಟ್ಟ. ಸಿನಿಮಾದ ಎಲ್ಸಾಳಂತೆಯೋ ಮತ್ಯಾವುದೋ ರಾಜಕುಮಾರಿಯಂತೆಯೋ ಅಂಗಡಿಯ ಉಡುಪು ಬೇಕೆಂದು ಮೊದಲು ಮುಖ ಊದಿಸಿಕೊಂಡಿದ್ದ ಚಿನ್ನು, ಕನ್ನಡಿ ನೋಡಿದ ಮೇಲೆ ಅದನ್ನು ಬಿಚ್ಚಲು ಒಪ್ಪಲಿಲ್ಲ. ಅಂಥ ವೇಷ ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಂದಿರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಆರಕ್ಕೆ ಕಾಲು ಗಂಟೆ ಇದ್ದಾಗ ನಾವು ನಾಲ್ವರು ಹೊರಟೆವು. ಋತ್ವಿಕನಿಗೆ ಸಿಂಹದ ವೇಷ. ಅವನನ್ನು ಪ್ರಸಾದ್ ಪುಟ್ಟ ಗಾಡಿಯಲ್ಲಿ ಕೂರಿಸಿ ಎಳೆಯುತ್ತಿದ್ದ. ಬಂದ ಮಕ್ಕಳಿಗೆ ಕ್ಯಾಂಡಿ ಹಂಚಲು ಅತ್ತೆ ಮನೆಯಲ್ಲೇ ಉಳಿದರು. "ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೀರೋಕೆ ನಾವು ಹೋಗ್ತೀವಿ, ಇಲ್ಲಿ ಅವರೇ ಇಸ್ಕೊಳ್ಳೋಕೆ ಬರ್ತಾರೆ, ಅಷ್ಟೇ ತಾನೆ" ಎಂದು ಹಬ್ಬವನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಕ್ಯಾಂಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದರು.

ಆ ಸಂಜೆ ಗಾಳಿ ಚಳಿಚಳಿಯಾಗಿತ್ತು. ವೇಷದ ಮೇಲೆ ಜಾಕೆಟ್ ಹಾಕಿಕೋ ಎಂದರೆ ಗರಿ ಮುಚ್ಚಿಹೋಗುತ್ತದೆ ಎಂದು ಚಿನ್ನುವಿನ ಜಗಳ. ಅಂಗಳಗಳಲ್ಲಿ ಗಾಳಿ ತುಂಬಿದ ದೆವ್ವಗಳು, ಮಹಡಿಯೆತ್ತರದ ಅಸ್ಥಿಪಂಜರಗಳು, ಮೆಟ್ಟಿಲುಗಳ ಮೇಲೆ ದೀಪ ಹಚ್ಚಿದ ಕುಂಬಳಕಾಯಿಗಳು. ಒಣಗಿದ ಎಲೆಗಳನ್ನು ಸರಬರ ತುಳಿಯುತ್ತ ಮಕ್ಕಳ ಗುಂಪುಗಳು ಮನೆಯಿಂದ ಮನೆಗೆ ಓಡುತ್ತಿದ್ದವು. ನಮ್ಮ ನವಿಲನ್ನು ಎಲ್ಲ ಮನೆಯವರೂ ಹೊಗಳಿದರು. ಪ್ರತಿ ಬಾಗಿಲಿಂದಲೂ ಚಿನ್ನು ಓಡಿ ಬಂದು ಏನು ಸಿಕ್ಕಿತು ಎಂದು ಕ್ಯಾಂಡಿಯ ಬಕೆಟ್ ಬಗ್ಗಿಸಿ ತೋರಿಸುತ್ತಿದ್ದಳು. ಮನೆಗೆ ಹೋಗಿ ನಾನು ನೋಡುವ ತನಕ ಒಂದನ್ನೂ ಬಾಯಿಗೆ ಹಾಕುವಂತಿಲ್ಲ ಎಂಬುದು ನಮ್ಮ ನಿಯಮ. ಅದನ್ನು ಅವಳು ಮೀರಲಿಲ್ಲ.

ನಮ್ಮ ಮನೆಯಿಂದ ನಡೆದರೆ ಹದಿನೈದು ನಿಮಿಷದ ದೂರದಲ್ಲಿ, ರಸ್ತೆ ದುಂಡಗೆ ಮುಗಿಯುವ ಕಡೆ ಒಂದು ಮನೆಯಿದೆ. ಅವರು ಆ ಸಲ ಹೊಗೆ ಬಿಡುವ ಯಂತ್ರ ತಂದಿಟ್ಟಿದ್ದರು. ಅಂಗಳದ ತುಂಬ ಸೊಂಟದೆತ್ತರದ ಬಿಳಿ ಹೊಗೆ. ಋತ್ವಿಕ್ ಹೆದರಿ ಅತ್ತದ್ದರಿಂದ ನಾವಿಬ್ಬರೂ ಗಾಡಿಯೊಂದಿಗೆ ರಸ್ತೆಯಲ್ಲೇ ನಿಂತೆವು. ಚಿನ್ನು ಬೇರೆ ಐದಾರು ಮಕ್ಕಳ ಜೊತೆ ಒಳಗೆ ಹೋದಳು. ಹೊಗೆಯ ಮೇಲೆ ಅವಳ ತುರಾಯಿ ಒಂದಷ್ಟು ದೂರ ಕಾಣಿಸಿತು, ಆಮೇಲೆ ಕಾಣಲಿಲ್ಲ. ಆ ಸಂಜೆ ಅವಳು ನನ್ನ ಕಣ್ಣಿಂದ ಮರೆಯಾದದ್ದು ಅದೊಂದೇ ಸಲ. ಎರಡು ನಿಮಿಷ ಇರಬಹುದು. ಹೆಚ್ಚೆಂದರೆ ಮೂರು.

ಉಳಿದ ಮಕ್ಕಳು ಕಿರುಚುತ್ತ ಓಡಿ ಬಂದರು. ಚಿನ್ನು ಕೊನೆಗೆ, ನಿಧಾನವಾಗಿ ನಡೆದುಕೊಂಡು ಬಂದಳು. ಬಕೆಟ್ ತೋರಿಸಲಿಲ್ಲ. "ಏನು ಕೊಟ್ಟರು?" ಎಂದೆ. ಭುಜ ಕುಣಿಸಿದಳು. ಇನ್ನೆರಡು ಮನೆಗೆ ಹೋಗುವಷ್ಟರಲ್ಲಿ ಸಾಕು, ಮನೆಗೆ ಹೋಗೋಣ ಎಂದಳು.

"ಯಾಕೆ ಚಿನ್ನು, ಸುಸ್ತಾಯ್ತಾ?" ಎಂದು ಪ್ರಸಾದ್ ಕೇಳಿದ.

"ನೋ. ಐ ಆಮ್ ಜಸ್ಟ್ ಫುಲ್."

ಏನೂ ತಿನ್ನದೆ ಎಲ್ಲಿಂದ ಹೊಟ್ಟೆ ತುಂಬಿತು ಎಂದು ನಾವಿಬ್ಬರೂ ನಕ್ಕೆವು. ಋತ್ವಿಕನಿಗೆ ಮಾತ್ರ ಇನ್ನೂ ಮನೆಗಳು ಬೇಕಿದ್ದವು. ಅವನಿಗಾಗಿ ಇನ್ನೊಂದು ರಸ್ತೆ ಸುತ್ತಿ ಮನೆ ಮುಟ್ಟಿದಾಗ ಎಂಟು ಗಂಟೆಯಾಗುತ್ತಿತ್ತು.

ಬಾಗಿಲು ತೆಗೆದ ಅತ್ತೆಯ ಮುಖ ಹೊಳೆಯುತ್ತಿತ್ತು. ಅವರು ಬಂದ ಮೂರು ತಿಂಗಳಲ್ಲಿ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

"ಬಂತಾ ನನ್ನ ನವಿಲು ಮತ್ತೆ! ಇವಳಿಗೆ ಊಟ ಆಯ್ತು ಕಣೇ, ಋತ್ವಿಕ್‌ಗೆ ಮಾತ್ರ ಕಲಸಿದ್ರಾಯ್ತು" ಎಂದರು.

ಯಾರಿಗೆ ಊಟ ಆಯ್ತು ಎಂದು ನಾನು ಕೇಳಿದೆ.

"ಇನ್ಯಾರಿಗೆ, ಚಿನ್ನುಗೆ. ಆಗಲೇ ಬಂದು ಉಂಡ್ಕೊಂಡು ಹೋಯ್ತಲ್ಲ. ಏಳಕ್ಕೆ ಹತ್ತು ನಿಮಿಷ ಇತ್ತು, ನನ್ನ ಮಾತ್ರೆ ಹೊತ್ತು ಅಂತ ಗಡಿಯಾರ ನೋಡ್ತಾ ಇದ್ದೆ. ನೀವು ಕೆಳಗಡೆ ನಿಂತಿದ್ದೀರೇನೋ ಅಂದ್ಕೊಂಡೆ. ಹಸಿವು ಅಜ್ಜಿ ಅಂತು. ಕನ್ನಡದಲ್ಲೇ ಅಂತು ಕಣೋ ಪ್ರಸಾದ! ತುತ್ತು ಮಾಡಿ ಇಟ್ಟೆ, ಒಂದು ಅಗುಳು ಬಿಡದೆ ತಿಂತು. ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ಕೇಳಿ ಹಾಕಿಸ್ಕೊಂಡ್ತು."

ಪ್ರಸಾದ್ ನಗುತ್ತಲೇ, "ಅಮ್ಮ, ಅವಳು ನಮ್ಮ ಜೊತೇನೇ ಇದ್ದಳಲ್ಲ. ಬೇರೆ ಯಾರದೋ ಮಗು ಬಂದಿರಬೇಕು" ಎಂದ.

"ನಾನು ಹೊಲಿದ ಬಟ್ಟೆ ನನಗೆ ಗೊತ್ತಾಗಲ್ವೇನೋ? ಬೆನ್ನಲ್ಲಿ ಪಿನ್ನು ಬಿಟ್ಕೊಂಡಿತ್ತು, ನಾನೇ ಹಾಕಿ ಕಳಿಸಿದೆ."

ಅತ್ತೆ ಚಿನ್ನುವಿನ ಕಡೆ ತಿರುಗಿದರು. "ನೀನೇ ಹೇಳು ಪುಟ್ಟ. ಇನ್ನೊಂದು ತುತ್ತು ಅಂದೆ ತಾನೆ?"

ಚಿನ್ನು ನನ್ನ ಮುಖ ನೋಡಿದಳು. "ಅಮ್ಮ, ವಾಟ್ಸ್ ತುತ್ತು?"

ಅತ್ತೆಯ ಮುಖ ಆಗ ಹೇಗಾಯಿತು ಎಂಬುದನ್ನು ಬರೆಯಲು ನನಗೆ ಇಷ್ಟವಿಲ್ಲ. ಅವರು ಊಟದ ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಚಿನ್ನುವಿನ ಸ್ಟೀಲ್ ತಟ್ಟೆ ಇತ್ತು, ಸಾರನ್ನ ಉಂಡು ಬಳಿದ ತಟ್ಟೆ. ಪಕ್ಕದಲ್ಲಿ ಅರ್ಧ ಕುಡಿದ ನೀರಿನ ಲೋಟ. ಮಗು ಕೂರುವಂತೆ ಎತ್ತರಕ್ಕೆ ದಿಂಬು ಹಾಕಿದ ಕುರ್ಚಿ.  ಋತ್ವಿಕ್ ಕ್ಯಾಂಡಿಯನ್ನು ನೆಲದ ಮೇಲೆ ಸುರಿದುಕೊಂಡು ಎಣಿಸುತ್ತಿದ್ದ.

ವೇಷ ಬಿಚ್ಚಲು ಚಿನ್ನುವನ್ನು ಮೇಲಿನ ಬಚ್ಚಲುಮನೆಗೆ ಕರೆದುಕೊಂಡು ಹೋದೆ. ಮುಖವಾಡದ ಎಲಾಸ್ಟಿಕ್ ಕೂದಲಿಗೆ ಸಿಕ್ಕಿಕೊಂಡಿತ್ತು. ಬಿಡಿಸಿ ತೆಗೆದೆ. ರಟ್ಟಿನ ಒಳಬದಿಯಲ್ಲಿ, ಗಲ್ಲ ತಾಗುವ ಕಡೆ, ಒಂದು ಅನ್ನದ ಅಗುಳು ಅಂಟಿಕೊಂಡಿತ್ತು.

ಬೆರಳಲ್ಲಿ ತೆಗೆದು ದೀಪಕ್ಕೆ ಹಿಡಿದೆ. ಸಾರಿನ ಬಣ್ಣ ಹತ್ತಿತ್ತು. ಇನ್ನೂ ಮೆತ್ತಗಿತ್ತು. ಹೊರಡುವ ಮುಂಚೆ ಮಕ್ಕಳಿಬ್ಬರಿಗೂ ನಾನೇ ಬ್ರೆಡ್ ಕೊಟ್ಟಿದ್ದೆ. ಅತ್ತೆ ಅನ್ನಕ್ಕೆ ಅಕ್ಕಿ ಇಟ್ಟದ್ದೇ ನಾವು ಹೊರಟ ಮೇಲೆ. ಮುಖವಾಡವಂತೂ ಹಿಂದಿನ ರಾತ್ರಿ ಮಾಡಿದ್ದು, ಸಂಜೆ ಮೊದಲ ಸಲ ಹಾಕಿದ್ದು. ಇಷ್ಟೆಲ್ಲ ಒಂದೇ ಸಲ ನನ್ನ ತಲೆಯೊಳಗೆ ಬಂತು. ನಲ್ಲಿ ತಿರುಗಿಸಿ ಆ ಅಗುಳನ್ನು ನೀರಿಗೆ ಬಿಟ್ಟುಬಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿನವರೆಗೂ ನನ್ನನ್ನೇ ಕೇಳಿಕೊಂಡಿದ್ದೇನೆ. ಕೈ ತಾನಾಗಿ ಮಾಡಿತು ಎಂದರೆ ಸುಳ್ಳಾದೀತು. ಅದು ಅಲ್ಲಿರುವುದು ನನಗೆ ಬೇಡವಾಗಿತ್ತು.

ಮಕ್ಕಳು ಮಲಗಿದ ಮೇಲೆ ಪ್ರಸಾದ್ ಬಾಗಿಲ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ಫೋನಿನಲ್ಲಿ ತೆಗೆದ. ಆ ಸಂಜೆ ಬಂದವರೆಲ್ಲ ಅದರಲ್ಲಿದ್ದರು: ಮಾಟಗಾತಿಯರು, ಡೈನೋಸಾರ್‌ಗಳು, ಅತ್ತೆಯ "ಹ್ಯಾಪಿ ಹ್ಯಾಲೋವೀನ್" ಎಂಬ ತುಂಬು ದನಿ. ಆರು ಐವತ್ತಕ್ಕೆ ಬಾಗಿಲು ತೆರೆಯುತ್ತದೆ. ಅತ್ತೆ ಕೆಳಗೆ ನೋಡಿ ನಗುತ್ತಾರೆ. "ಬಾ ಬಾ, ಒಳಗೆ ಬಾ, ಚಳಿ" ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಬಾಗಿಲು ಮುಚ್ಚುತ್ತದೆ. ಚಿತ್ರದಲ್ಲಿ ಅವರನ್ನು ಬಿಟ್ಟು ಯಾರೂ ಇಲ್ಲ. ಇಪ್ಪತ್ತೆರಡು ನಿಮಿಷ ಕಳೆದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ಅತ್ತೆ ಬಗ್ಗಿ, ಗಾಳಿಯಲ್ಲಿ ಏನನ್ನೋ ಸರಿಮಾಡಿ, "ಹುಷಾರು ಪುಟ್ಟ" ಎಂದು ಕೈ ಬೀಸುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಕ್ಯಾಮೆರಾ ಎತ್ತರದಲ್ಲಿದೆ. ಬಾಗಿಲಿಗೆ ತೀರ ಹತ್ತಿರ ಬಂದ ಚಿಕ್ಕ ಮಕ್ಕಳು ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಕೆಲವರದು ಬರೀ ಟೋಪಿ ಕಾಣುತ್ತದೆ. ಆದರೆ ಆ ತುರಾಯಿ ಅರ್ಧ ಅಡಿ ಉದ್ದವಿತ್ತು. ನನ್ನ ಫೋನಿನ ಫೋಟೋಗಳನ್ನೂ ನೋಡಿದೆ. ಹೊಗೆಯ ಮನೆಯ ಫೋಟೋ ತೆಗೆದದ್ದು ಆರು ನಲವತ್ತೆಂಟಕ್ಕೆ. ಚಿನ್ನು ಅಸ್ಥಿಪಂಜರದ ಪಕ್ಕ ನಿಂತ ಫೋಟೋ ಏಳು ಗಂಟೆ ಐದು ನಿಮಿಷಕ್ಕೆ. ಅತ್ತೆ ಯಾರಿಗೋ ತುತ್ತಿಡುತ್ತಿದ್ದ ಹೊತ್ತಿಗೆ ನನ್ನ ಮಗಳು ನನ್ನ ಎದುರೇ ಇದ್ದಳು.

ಪ್ರಸಾದ್ ಫೋನನ್ನು ಕೆಳಗಿಟ್ಟ. ಆಮೇಲೆ, "ಅಮ್ಮನ್ನ ಡಾಕ್ಟರ್‌ಗೆ ತೋರಿಸ್ಬೇಕು ಕಣೆ" ಎಂದ.  ಅವನ ಸೋದರತ್ತೆಯೊಬ್ಬರು ಕೊನೆಗಾಲದಲ್ಲಿ ಹೀಗೇ ಇಲ್ಲದವರ ಜೊತೆ ಮಾತಾಡುತ್ತಿದ್ದರಂತೆ. ಆ ಹೊತ್ತಿನಲ್ಲಿ ನಾನು ಅಗುಳಿನ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಇನ್ನೇನನ್ನು ಒಪ್ಪಿಕೊಳ್ಳಬೇಕಾಗುತ್ತದೋ ಎಂದು ಹೆದರಿದೆ.

ಮರುದಿನದಿಂದ ಮನೆಯಲ್ಲಿ ಎಲ್ಲ ಬದಲಾಯಿತು. ಅತ್ತೆಗೆ, ಒಬ್ಬರೇ ಇದ್ದಾಗ ಬಾಗಿಲು ತೆಗೆಯಬೇಡಿ ಎಂದೆವು. ಒಲೆ ಹಚ್ಚಬೇಡಿ ಎಂದೆವು. ಪ್ರಸಾದ್ ಬಾಗಿಲ ಮೇಲ್ಗಡೆ, ಅವರ ಕೈಗೆ ಎಟುಕದಂತೆ, ಹೊರಗಿನಿಂದಲೂ ಬೀಗ ಹಾಕಬಹುದಾದ ಇನ್ನೊಂದು ಚಿಲಕ ಹಾಕಿದ. ನರರೋಗದ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು, ಐದು ಪದ ಹೇಳಿ ಅರ್ಧ ಗಂಟೆ ಬಿಟ್ಟು ಕೇಳಿದರು. ಅಂಚೆ ಕಚೇರಿಯಲ್ಲಿ ಜೀವನ ಕಳೆದ ಅತ್ತೆ ಒಂದರಲ್ಲೂ ತಪ್ಪಲಿಲ್ಲ. ಸ್ಕ್ಯಾನಿನಲ್ಲೂ ವಯಸ್ಸಿಗೆ ಮೀರಿದ್ದೇನೂ ಕಾಣಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಅವರು, "ಪಾಸಾದ್ನೇನೋ?" ಎಂದು ಮಗನನ್ನು ಕೇಳಿದರು. ಪ್ರಸಾದ್ ಕಾರಿನ ಹೀಟರ್ ಜಾಸ್ತಿ ಮಾಡಿದ. ಡಿಸೆಂಬರ್‌ನಲ್ಲೇ ಟಿಕೆಟಿನ ತಾರೀಕು ಮುಂಚೆಗೆ ಬದಲಿಸಿಕೊಂಡು ಅತ್ತೆ ಮೈಸೂರಿಗೆ ಹೊರಟುಹೋದರು. ಮತ್ತೆ ಬನ್ನಿ ಎಂದರೆ, ಅಲ್ಲಿ ಚಳಿ ತಡೆಯೋಕಾಗಲ್ಲ ಎನ್ನುತ್ತಿದ್ದರು.

ಹೋದ ವರ್ಷ ಡಿಸೆಂಬರ್ ರಜೆಗೆ ನಾವು ಮೈಸೂರಿಗೆ ಹೋಗಿದ್ದೆವು. ಒಂದು ಮಧ್ಯಾಹ್ನ ಪ್ರಸಾದ್ ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದ. ನಾದಿನಿ ಕೆಲಸಕ್ಕೆ ಹೋಗಿದ್ದಳು. ನಾನೂ ಅತ್ತೆಯೂ ಅವರೆಕಾಳು ಹಿದುಕುತ್ತ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಇನ್ನು ತಡೆಯಲಾರದೆ ಹೇಳಿಬಿಟ್ಟೆ. ಮುಖವಾಡದೊಳಗೆ ಅಗುಳು ಇದ್ದದ್ದು, ಅದನ್ನು ತೊಳೆದುಬಿಟ್ಟದ್ದು, ಯಾರಿಗೂ ಹೇಳದೆ ಉಳಿದದ್ದು. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವರು ಕೈಯಲ್ಲಿದ್ದ ಕಾಳುಗಳನ್ನು ಬೋಗುಣಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡರು.

"ಅಳ್ಬೇಡ. ಅದು ಚಿನ್ನು ಅಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು" ಎಂದರು.

ನಾನು ತಲೆಯೆತ್ತಿ ನೋಡಿದೆ.

"ಎರಡನೇ ತುತ್ತಿಗೇ ಗೊತ್ತಾಯ್ತು. ನಮ್ಮ ಚಿನ್ನು ಸಾರಿನಲ್ಲಿರೋ ಕರಿಬೇವು ಕಂಡ್ರೆ ತೆಗೆದು ತಟ್ಟೆ ಅಂಚಿಗೆ ಇಡತ್ತೆ. ಇದು ಕರಿಬೇವನ್ನೂ ಅಗಿದು ನುಂಗ್ತು. ಅಷ್ಟು ಹಸಿದಿತ್ತು ಕಣೇ. ಕೊಕ್ಕು ಮೇಲೆತ್ತಿ ಬಾಯಿ ತೆಗೀತಿತ್ತು, ಮುಖ ಮಾತ್ರ ತೋರಿಸ್ಲಿಲ್ಲ. ಮುಖವಾಡ ತೆಗೆಯೋ ಪುಟ್ಟ ಅಂತ ಒಂದು ಸಲ ಅಂದೆ. ಉಣ್ಣೋದು ನಿಲ್ಲಿಸಿಬಿಡ್ತು. ಆಮೇಲೆ ನಾನು ಕೇಳ್ಲಿಲ್ಲ."

"ಹಾಗಾದ್ರೆ ಯಾಕತ್ತೆ ಆವತ್ತು ಚಿನ್ನುನೇ ಅಂದ್ರಿ?"

"ಇನ್ನೇನನ್ಲಿ? ಚಿನ್ನು ಅಂದಿದ್ದಕ್ಕೇ ತಲೆ ಸ್ಕ್ಯಾನ್ ಮಾಡಿಸಿದ್ರಿ."

ಅವರು ನಕ್ಕರು, ನಾನೂ ಅಳುತ್ತಲೇ ನಕ್ಕೆ. ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಆಯಿತು ಎಂದರು. "ಆದ್ರೂ ಊಟಕ್ಕೆ ಕೂತಿರೋ ಮಗುನ ಅರ್ಧಕ್ಕೆ ಎಬ್ಬಿಸೋಕಾಗತ್ಯೇ?"

ಅತ್ತೆ ಮತ್ತೆ ಒಂದು ಹಿಡಿ ಕಾಳು ತೆಗೆದುಕೊಂಡರು.  ಆಮೇಲೆ ಅವರು ನನ್ನ ಕಡೆ ನೋಡದೆ ಹೇಳಿದರು:

"ಹೋಗುವಾಗ ಹೊಸ್ತಿಲ ಹತ್ರ ನಿಂತು, ನಾಳೆ ಬರಲಾ ಅಜ್ಜಿ ಅಂತ ಕೇಳ್ತು. ಬಾ ಅಂದೆ. ಮಾರನೇ ದಿನ ಪ್ರಸಾದ ಮೇಲ್ಗಡೆ ಚಿಲಕ ಹಾಕಿಬಿಟ್ಟ."

 ಬಂದಿತ್ತಾ ಎಂದು ನಾನು ಕೇಳುವ ಮುಂಚೆ ಅವರೇ ಹೇಳಿದರು.

"ಮೂರು ದಿನ ಬಂತು. ನೀವಿಬ್ರೂ ಆಫೀಸಿಂದ ಮಕ್ಕಳನ್ನ ಕರ್ಕೊಂಡು ಬರೋಕೆ ಮುಂಚೆ, ಕತ್ತಲಾಗ್ತಿದ್ದ ಹಾಗೆ. ಬಾಗಿಲು ತಟ್ತಿತ್ತು. ಅಜ್ಜಿ ಅಂತ ಕರೀತಿತ್ತು. ಕುರ್ಚಿ ಹಾಕ್ಕೊಂಡು ಹತ್ತೋಕೆ ನೋಡ್ದೆ, ಮಂಡಿ ನೋವಲ್ಲಿ ನೆಟ್ಟಗೆ ನಿಲ್ಲೋಕಾಗ್ಲಿಲ್ಲ, ಚಿಲಕ ಎಟುಕ್ಲಿಲ್ಲ. ಕಿಟಕಿಯಿಂದ ನೋಡಿದ್ರೆ ಬರೀ ಮೆಟ್ಟಿಲು ಕಾಣೋದು. ನಾಲ್ಕನೇ ದಿನ ಬರ್ಲಿಲ್ಲ."

ಆ ಮೂರು ದಿನ ಕ್ಯಾಮೆರಾದಲ್ಲಿ ಏನು ದಾಖಲಾಗಿತ್ತು ಎಂದು ನಾವ್ಯಾರೂ ನೋಡಿರಲಿಲ್ಲ. ತಿಂಗಳಾದ ಮೇಲೆ ಅವೆಲ್ಲ ತಾವಾಗಿ ಅಳಿಸಿಹೋಗುತ್ತವೆ. ನೋಡಿದ್ದರೂ ಏನು ಕಾಣುತ್ತಿತ್ತು, ಗೊತ್ತಿಲ್ಲ. ವೈದ್ಯರು ಹೇಳಿದಂತೆ ಅತ್ತೆಗೆ ಏನೂ ಆಗಿಲ್ಲದಿರಬಹುದು, ಅಥವಾ ಯಾವ ಪರೀಕ್ಷೆಗೂ ಸಿಗದ ಏನೋ ಆಗಿರಬಹುದು. ದೂರದ ನಾಡಿನಲ್ಲಿ, ಯಾರಿಗೂ ತನ್ನ ಕೈತುತ್ತು ಬೇಡವಾದ ಮನೆಯಲ್ಲಿ, ಮನಸ್ಸು ತನಗೆ ಬೇಕಾದ ಮಗುವನ್ನು ತಾನೇ ಕರೆದುಕೊಂಡಿತು ಎಂದು ನನ್ನ ಸಹೋದ್ಯೋಗಿಯೊಬ್ಬಳು ಹೇಳಿದಳು. ಕೇಳಲು ಸರಿಯಾಗಿದೆ. ಆದರೆ ಮನಸ್ಸು ಕರೆದುಕೊಂಡ ಮಗು ಉಂಡರೆ ನನ್ನ ಬೆರಳಿಗೆ ಏನೂ ಅಂಟಬಾರದು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದರೂ ಹೊಂದುವುದಿಲ್ಲ.

ಚಿನ್ನುವನ್ನು ಕೇಳಿದ್ದೇನೆ. ಅವಳಿಗೆ ಆ ಸಂಜೆಯ ನೆನಪು ಅಷ್ಟಾಗಿ ಇಲ್ಲ. ಹೊಗೆಯೊಳಗೆ ಬಹಳ ಹೊತ್ತು ಇದ್ದೆ, ನೀವು ಕಾಯುತ್ತೀರೋ ಇಲ್ಲವೋ ಎಂದು ಅಳು ಬಂದಿತ್ತು ಎಂದಳು. ಎರಡೇ ನಿಮಿಷ ಎಂದು ನಾನು ಹೇಳಲಿಲ್ಲ.

ಪ್ರಸಾದನಿಗೆ ಇದು ಯಾವುದೂ ಗೊತ್ತಿಲ್ಲ. ತಾಯಿಯನ್ನು ಕಾಪಾಡಿದೆ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಆ ಚಿಲಕ ಹಾಕುವಾಗ ಕುರ್ಚಿಯನ್ನು ಅಲ್ಲಾಡದಂತೆ ಹಿಡಿದುಕೊಂಡು ನಿಂತಿದ್ದವಳು ನಾನು. ಹೇಗೆ ಹೇಳುವುದೆಂದು ತಿಳಿಯದೆ ಇಷ್ಟು ದಿನ ತಳ್ಳಿದೆ. ಈಗ ಇಲ್ಲಿ ಬರೆದಿದ್ದೇನೆ. ಸಂಜೆ ಅವನು ಬಂದ ಮೇಲೆ ಮೊದಲು ಅವನಿಗೆ ಓದಲು ಕೊಡುತ್ತೇನೆ.